ಅರ್ಧ, ಅರ್ಧದ ಅರ್ಧ

ಜ್ವರ ಅಂತ ಹೇಳಿಬಿಡು, ಅಷ್ಟೇ ಸಾಕು ಎಂದು ನನ್ನ ಗಂಡ ಬಡಕೊಂಡರು. ನಾನು ಕೇಳಬೇಕಲ್ಲ! ಹದಿನಾಲ್ಕು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವಳು ಸ್ವಂತ ಮಗಳಿಗೆ ಸುಳ್ಳು ಹೇಳುವುದೇ? ಗುಬ್ಬಿಗೆ ಎಂಟು ವರ್ಷ. ನಾನು ಹೇಳಿಕೊಟ್ಟರೆ ಯಾರಿಗಾದರೂ ಅರ್ಥವಾಗುತ್ತದೆ ಎಂಬ ಜಂಬ ನನ್ನದು.

ವಿಷಯ ಇಷ್ಟೇ. ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ಗಂಟಾಗಿ ಆಪರೇಷನ್ ಆಗಿತ್ತು. ಉಳಿದ ಚೂರುಪಾರನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ಮಾತ್ರೆ ನುಂಗಬೇಕಿತ್ತು. ನುಂಗಿದ ಮೇಲೆ ಮೂರು ವಾರ ಮಗುವನ್ನು ಹತ್ತಿರ ಸೇರಿಸುವಂತಿಲ್ಲ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಗುಬ್ಬಿಯನ್ನು ಊಟದ ಮೇಜಿನೆದುರು ಕೂರಿಸಿ ಪಾಠ ಶುರುಮಾಡಿದೆ. ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿನಲ್ಲಿ ಐವತ್ತಮೂರು ಪ್ರೋಟಾನ್ ಇದ್ದರೆ ಅದು ಅಯೋಡಿನ್ನೇ, ಬೇರೆ ಮಾತಿಲ್ಲ. ಮಾಮೂಲಿ ಅಯೋಡಿನ್ನಿನಲ್ಲಿ ಜೊತೆಗೆ ಎಪ್ಪತ್ತನಾಲ್ಕು ನ್ಯೂಟ್ರಾನ್. ಅಮ್ಮ ನುಂಗುವುದರಲ್ಲಿ ನಾಲ್ಕು ಹೆಚ್ಚು. ಅದರಿಂದಲೇ ಅದಕ್ಕೆ ನೆಮ್ಮದಿಯಿಲ್ಲ. ಒಂದು ನ್ಯೂಟ್ರಾನ್ ಒಂದು ಎಲೆಕ್ಟ್ರಾನನ್ನು ಹೊರಗೆಸೆದು ತಾನೇ ಪ್ರೋಟಾನ್ ಆಗುತ್ತದೆ. ಐವತ್ತನಾಲ್ಕಾಯಿತಲ್ಲ, ಅಯೋಡಿನ್ ಹೋಗಿ ಕ್ಸೆನಾನ್ ಎಂಬ ಅನಿಲವಾಯಿತು. ಎಂಟು ದಿನಕ್ಕೆ ಅರ್ಧದಷ್ಟು ಹೀಗೆ ಬದಲಾಗುತ್ತದೆ, ಇನ್ನೆಂಟು ದಿನಕ್ಕೆ ಉಳಿದದ್ದರಲ್ಲಿ ಅರ್ಧ. ಕಾಗದ ಹರಿದು ಹರಿದು ತೋರಿಸಿದೆ. ಕಣ್ಣು ಮಿಟುಕಿಸದೆ ಕೇಳಿದಳು. ನನ್ನ ಕ್ಲಾಸಿನ ದಾಂಡಿಗರು ಒಂದು ದಿನವೂ ಹಾಗೆ ಕೇಳಿದವರಲ್ಲ.

ಮೂರು ವಾರ ನಾನು ಮಹಡಿಯ ಕೋಣೆಯಲ್ಲಿ, ಅವಳು ಕೆಳಗೆ. ಮೆಟ್ಟಿಲ ಬುಡದಲ್ಲಿ ನಿಂತು ಶಾಲೆಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಅವರಪ್ಪ ಹೆಣೆದ ಜಡೆಗಳು ಒಂದೊಂದು ಒಂದೊಂದು ದಿಕ್ಕಿಗೆ. ಬಿಚ್ಚಿ ಮತ್ತೆ ಹೆಣೆಯಲು ನನ್ನ ಕೈ ತುರಿಸುತ್ತಿತ್ತು. ಬಾಗಿಲು ಹಾಕಿಕೊಂಡು ಅತ್ತದ್ದೂ ಉಂಟು.

ಇಪ್ಪತ್ತೆರಡನೆಯ ದಿನ ಡಾಕ್ಟರು ವಿಕಿರಣದ ಅಳತೆ ನೋಡಿ, ಇನ್ನು ಧಾರಾಳವಾಗಿ ಮಗಳನ್ನು ತಬ್ಬಿಕೊಳ್ಳಿ ಎಂದರು. ಎದ್ದೆನೋ ಬಿದ್ದೆನೋ ಎಂದು ಮನೆಗೆ ಬಂದು ಬಾಗಿಲಲ್ಲೇ ಕೈ ಚಾಚಿದೆ. ಗುಬ್ಬಿ ಸೋಫಾದ ಹಿಂದಕ್ಕೆ ಸರಿದಳು.

"ಪೂರ್ತಿ ಹೋಯ್ತಾ ಅಮ್ಮಾ?"

"ಡಾಕ್ಟರು ಪರವಾಗಿಲ್ಲ ಅಂದ್ರು ಕಣೇ."

"ಅದಲ್ಲ. ಅರ್ಧ ಮಾಡ್ತಾ ಹೋದ್ರೆ ಯಾವಾಗ್ಲೂ ಒಂಚೂರು ಉಳಿಯುತ್ತಲ್ಲ. ನಾನು ಲೆಕ್ಕ ಹಾಕಿ ನೋಡ್ದೆ. ಮುಗಿಯೋದೇ ಇಲ್ಲ."

ಅಮ್ಮ ಇನ್ನೆಂದೂ ಕೈಗೆ ಸಿಗುವುದಿಲ್ಲ ಎಂದುಕೊಂಡೇ ಈ ಮಗು ಇಷ್ಟು ದಿನ ಮೆಟ್ಟಿಲ ಬುಡದಲ್ಲಿ ನಗುತ್ತ ನಿಂತಿತ್ತು. ನನ್ನ ಜಾಣತನಕ್ಕೆ ಬೆಂಕಿ ಹಾಕ. ಪೂರ್ತಿ ಹೋಯಿತು ಅನ್ನು ಎಂದು ಗಂಡ ಹಿಂದಿನಿಂದ ಸನ್ನೆ ಮಾಡುತ್ತಿದ್ದರು. ಅಂದರೂ ಅವಳು ನಂಬುತ್ತಿರಲಿಲ್ಲ. ಆಮೇಲೆ ನನ್ನ ಯಾವ ಮಾತನ್ನೂ ನಂಬುತ್ತಿರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತೆ. ಒಂಚೂರು ಉಳಿದಿರುವುದು ನಿಜ, ಕೊನೆಯ ಪರಮಾಣು ಹೋಗಲು ವರ್ಷದ ಮೇಲಾದೀತು ಎಂದೆ. ಆಮೇಲೆ ಪೊಟ್ಯಾಸಿಯಂ ಬಗ್ಗೆ ಹೇಳಿದೆ. ಬಾಳೆಹಣ್ಣು, ಆಲೂಗಡ್ಡೆಯಲ್ಲೆಲ್ಲ ಇರುವ ಆ ಧಾತುವಿನಲ್ಲೂ ಒಂದಿಷ್ಟು ಪರಮಾಣುಗಳಿಗೆ ಹೀಗೇ ನೆಮ್ಮದಿಯಿಲ್ಲ. ಹುಟ್ಟಿದವರೆಲ್ಲರ ಮೈಯಲ್ಲೂ ಅವು ಇರುತ್ತವೆ, ಅಷ್ಟರಿಂದ ಯಾರೂ ಯಾರನ್ನೂ ದೂರ ಇಡಬೇಕಿಲ್ಲ.

"ನನ್ನ ಮೈಯಲ್ಲೂ ಇದೆಯಾ?"

"ಇದೆ. ನೀನು ನನ್ನ ಹೊಟ್ಟೇಲಿದ್ದಾಗಿಂದ."

ಅವಳು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಮತ್ತೆ ನೀನು ನನ್ನ ದಿನಾ ಎತ್ಕೊಳ್ತಿದ್ಯಲ್ಲ. ಹೆದರಿಕೆ ಆಗ್ಲಿಲ್ವಾ?"

"ಒಂದು ದಿನಾನೂ ಇಲ್ಲ."

ಸೋಫಾ ಬಳಸಿ ಮೆಲ್ಲಗೆ ಬಂದು ನನ್ನ ತೊಡೆಯ ಮೇಲೆ ಕೂತು, ನನಗೂ ಇಲ್ಲ ಎಂದಳು.