ಬೆಳ್ಳಿ ಕಾಗದ

ಅಲ್ಲ, ಮಾವ ಅಂಥವನಲ್ಲ. ಆದರೆ ಅಂಥವನಲ್ಲ ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಳ್ಳುವುದು? ನಿನ್ನೆ ಸಂಜೆಯಿಂದ ಇದು ಹತ್ತನೆಯ ಸಲವಾದರೂ ಆಗಿರಬೇಕು. ನಿಜವಾಗಿ ನಂಬಿದವನು ಒಂದೇ ಮಾತನ್ನು ಹತ್ತು ಸಲ ಹೇಳಿಕೊಳ್ಳುವುದಿಲ್ಲ.

ಭಾನುವಾರದ ಬಸ್ಸು ಖಾಲಿಯಿತ್ತು. ಅವನ ತೊಡೆಯ ಮೇಲೆ ಚೀಲ, ಚೀಲದಲ್ಲಿ ಮುನ್ನೂರ ಹದಿನಾಲ್ಕು ಪುಸ್ತಕಗಳ ಪಟ್ಟಿ ಮತ್ತು ಬೈಂಡಿಂಗ್ ಕೋಣೆಯ ಹಳೆಯ ರಿಜಿಸ್ಟರು.

ಅವನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಅರವತ್ತು ಸಾವಿರ ಪುಸ್ತಕಗಳು. ಅವಕ್ಕೆಲ್ಲ ರೇಡಿಯೋ ಟ್ಯಾಗ್ ಅಂಟಿಸುವ ಕೆಲಸವನ್ನು ಅವನು ಎಂಟು ತಿಂಗಳ ಹಿಂದೆ ಮುಗಿಸಿದ್ದ. ಬೆಂಕಿಪೊಟ್ಟಣದಗಲದ ಚೀಟಿ, ಒಳಗೆ ಕೂದಲೆಳೆಯಂಥ ತಂತಿಯ ಸುರುಳಿ. ಹಿಂದಿನ ರಟ್ಟಿನ ಒಳಮೈಗೆ ಅಂಟಿಸಿದರೆ ಆಯಿತು. ಕೈಯಂತ್ರವನ್ನು ಕಪಾಟಿನ ಮುಂದೆ ಆಡಿಸಿದಾಗ ಪ್ರತಿ ಪುಸ್ತಕವೂ ಕೂತಲ್ಲಿಂದಲೇ ಇದ್ದೇನೆ ಎಂದು ಓಗೊಡುತ್ತದೆ. ಹಿಂದೆ ಹನ್ನೆರಡು ಜನ ಒಂದು ತಿಂಗಳು ದೂಳು ಕುಡಿದು ಮಾಡುತ್ತಿದ್ದ ಎಣಿಕೆಯನ್ನು ಈ ಸಲ ಅವನೊಬ್ಬನೇ ನಾಲ್ಕು ದಿನಕ್ಕೆ ಮುಗಿಸಿದ್ದ. ಶನಿವಾರ ಮಧ್ಯಾಹ್ನ ಯಂತ್ರ ಪಟ್ಟಿ ಕೊಟ್ಟಿತು. ಮುನ್ನೂರ ಹದಿನಾಲ್ಕು ಪುಸ್ತಕಗಳು ಓಗೊಟ್ಟಿರಲಿಲ್ಲ.

ಮುಖ್ಯ ಗ್ರಂಥಪಾಲಕಿ ಕನ್ನಡಕದ ಮೇಲಿಂದ ನೋಡಿದರು. "ಸೋಮವಾರ ಹತ್ತು ಗಂಟೆಗೆ ಸಹಿ ಹಾಕಿ ಕೊಡಿ. 'ಕಾರಣ' ಅನ್ನೋ ಕಾಲಂ ಖಾಲಿ ಬಿಡ್ಬೇಡಿ ಮತ್ತೆ. ಸಮಿತಿಯವ್ರು ನನ್ನ ತಲೆ ತಿಂತಾರೆ, ಆಮೇಲೆ ನಾನು ನಿಮ್ಮ ತಲೆ ತಿನ್ಬೇಕಾಗುತ್ತೆ."

ಅಷ್ಟರಲ್ಲಿ ಬಾಗಿಲು ಮುಚ್ಚಲು ಕಾವಲುಗಾರ ಬೀಗದ ಕೈಗಳ ಗೊಂಚಲು ಕುಲುಕುತ್ತ ಬಂದಿದ್ದ. ಪುಸ್ತಕಗಳ ಹಿಂದಿನ ಚರಿತ್ರೆಯಾದರೂ ಸಿಗಲೆಂದು ಅವನು ಕೈಗೆ ಸಿಕ್ಕ ರಿಜಿಸ್ಟರುಗಳನ್ನೆಲ್ಲ ಮನೆಗೆ ಹೊತ್ತು ತಂದ. ಬೈಂಡಿಂಗ್ ರಿಜಿಸ್ಟರನ್ನು ತೆರೆದು ಪಟ್ಟಿಯೊಡನೆ ತಾಳೆ ನೋಡಿದ. ಓಗೊಡದ ಮುನ್ನೂರ ಹದಿನಾಲ್ಕೂ ಮಾವನ ಕೈಯಲ್ಲಿ ಹಾದುಹೋದ ಪುಸ್ತಕಗಳು. ಅದೂ ಹೋಗಲಿ ಎನ್ನಬಹುದು, ಮಾವ ಕಟ್ಟಿದ್ದು ಸಾವಿರಾರು. ಆದರೆ ಈ ಮುನ್ನೂರ ಹದಿನಾಲ್ಕರ ಪಕ್ಕದಲ್ಲಿ ಮಾತ್ರ, ಮಾವನದೇ ಪೆನ್ಸಿಲಿನಲ್ಲಿ, ಸಣ್ಣದೊಂದು ಸೊನ್ನೆ ಸುತ್ತಿತ್ತು. ಆರಿಸಿಟ್ಟ ಹಾಗೆ.

ಮಾವ ಎಂದರೆ ತಾಯಿಯ ತಮ್ಮ. ಗ್ರಂಥಾಲಯದ ಬೈಂಡರು. ಇನ್ನೊಂದು ತಿಂಗಳಿಗೆ ನಿವೃತ್ತಿ. ಪುಸ್ತಕದ ಕೋಣೆಗಳ ಬೀಗದ ಕೈ ಅವನ ಹತ್ತಿರವೂ ಒಂದಿತ್ತು. ಹೋದ ವಾರವಷ್ಟೇ ಎಲ್ಲರ ಎದುರು ನಗೆಯಾಡಿದ್ದ: "ಇವೆಲ್ಲ ನನ್ನ ಮಕ್ಕಳು ಕಣ್ರೋ. ಹೋಗೋವಾಗ ಜೊತೇಲೇ ಕರ್ಕೊಂಡು ಹೋಗ್ತೀನಿ." ಎಲ್ಲರೂ ನಕ್ಕಿದ್ದರು. ಸೋದರಳಿಯನಾದ ಅವನೂ ನಕ್ಕಿದ್ದ.

ಅವನು ಪದವಿ ಓದಿದ್ದು ಇದೇ ಮಾವನ ಮೇಜಿನ ಮೇಲೆ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಕೂತು ಓದಲಾಗುತ್ತಿರಲಿಲ್ಲ. ಮಾವ ಒಂದು ಮಾತನ್ನೂ ಕೇಳದೆ ಬೈಂಡಿಂಗ್ ಮೇಜಿನ ಅರ್ಧ ಜಾಗ ಬಿಟ್ಟುಕೊಟ್ಟಿದ್ದ. ಮೂರು ವರ್ಷ ಒಂದು ಬದಿಯಲ್ಲಿ ಅಂಟು, ಸೂಜಿ, ದಾರ. ಇನ್ನೊಂದು ಬದಿಯಲ್ಲಿ ಅವನ ನೋಟ್ಸು. ಇಬ್ಬರೂ ಮಾತಾಡುತ್ತಿದ್ದುದು ಕಡಿಮೆ. ಆ ಮೌನದಷ್ಟು ನೆಮ್ಮದಿ ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ನಾಳೆ 'ಕಾರಣ'ದ ಕಾಲಂನಲ್ಲಿ ಆ ಮೇಜಿನ ಒಡೆಯನ ಹೆಸರು ಬರೆಯುವುದೇ? ಬರೆಯದೆ ಮುಚ್ಚಿಟ್ಟು ಇಲ್ಲದ ಕಾರಣವೊಂದನ್ನು ಹುಟ್ಟಿಸುವುದೇ?

ಬಾಗಿಲು ತೆರೆದದ್ದು ಅತ್ತೆ. "ಓಹೋ, ಬಂದ್ರಪ್ಪ ದೊಡ್ಡ ಮನುಷ್ಯರು! ಪುಸ್ತಕಕ್ಕಲ್ಲ ಕಣೋ, ಮೊದ್ಲು ನಿನಗೊಂದು ಟ್ಯಾಗ್ ಅಂಟಿಸ್ಬೇಕು. ಎಲ್ಲಿದ್ದೀಯ ಅಂತಾದ್ರೂ ಗೊತ್ತಾಗ್ತಿತ್ತು."

"ಕೆಲಸ ಅತ್ತೆ..."

"ಕೆಲಸವಂತೆ. ಮುಖ ನೋಡು, ಇಸ್ತ್ರಿ ಮಾಡ್ದಿರೋ ಅಂಗಿ ಥರ ಇದೆ. ಒಳಗ್ಹೋಗು, ನಿಮ್ಮಾವ ಅಲ್ಲೇ ಬಿದ್ದಿದ್ದಾನೆ, ಅಂಟು ಕಲೆಸ್ಕೊಂಡು."

ಮಾವ ಕಿಟಕಿಯ ಬೆಳಕಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ಅತ್ತೆಯ ಹಾಡಿನ ಪುಸ್ತಕ, ಬೆನ್ನು ಬಿಚ್ಚಿ ಮಲಗಿತ್ತು. "ಕೂತ್ಕೋ. ಆ ತುದಿ ಸ್ವಲ್ಪ ಹಿಡ್ಕೋ," ಎಂದನೇ ಹೊರತು ತಲೆಯೆತ್ತಲಿಲ್ಲ.

ಅವನು ಕೂತ. ತುದಿ ಹಿಡಿದ. ಕೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳು ಒಂದೊಂದಾಗಿ ಕೈಬಿಟ್ಟುಹೋದವು. ಮಾವ ಚಹಾ ಪೊಟ್ಟಣದ ಬೆಳ್ಳಿ ಕಾಗದವೊಂದನ್ನು ಉಗುರಿನಿಂದ ನೇವರಿಸಿ, ಸುಕ್ಕು ತೆಗೆದು, ರಟ್ಟಿನ ಮೇಲೆ ಹಾಸಿ, ಅದರ ಮೇಲೆ ಬಿಳಿಯ ಹಾಳೆ ಅಂಟಿಸಿದ.

"ಇದ್ಯಾಕೆ ಮಾವ, ಬೆಳ್ಳಿ?"

"ಅಡುಗೆಮನೆ ಕಪಾಟಲ್ವಾ, ತೇವ. ಇದೊಂದು ಪದರ ಇದ್ರೆ ರಟ್ಟು ಉಬ್ಬಲ್ಲ, ಹುಳಾನೂ ಬರಲ್ಲ. ನಮ್ಮ ಲೈಬ್ರರಿ ನೆಲಮಾಳಿಗೆಗೆ ನೀರು ನುಗ್ಗಿದ ವರ್ಷ, ಅಲ್ಲಿಂದ ಎತ್ತಿದ ಪುಸ್ತಕಕ್ಕೆಲ್ಲ ಹಾಕಿದ್ದೆ. ನಿಮ್ಮತ್ತೆ ಹತ್ರ ಇಡೀ ಬೀದಿಯ ಚಹಾ ಪೊಟ್ಟಣ ಬೇಡಿಸ್ದೆ."

"ನಾಚಿಕೆ ಬಿಟ್ಟು ಬೇಡ್ದೆ," ಅತ್ತೆ ಒಳಗಿನಿಂದ ಕೂಗಿದಳು.

ಅವನ ಕೈಯಲ್ಲಿದ್ದ ತುದಿ ಜಾರಿತು. "ಎಷ್ಟು ಪುಸ್ತಕಕ್ಕೆ ಮಾವ?"

"ಮುನ್ನೂರೋ ಚಿಲ್ಲರೇನೋ. ಆಮೇಲೆ ಬೇರೆ ಬೇರೆ ಕಪಾಟಿಗೆ ಹಂಚಿಹೋದ್ವು. ಮುಂದೆ ಯಾವನಾದ್ರೂ ಬಿಚ್ಚಿದ್ರೆ ತಿಳೀಲಿ ಅಂತ ರಿಜಿಸ್ಟರಲ್ಲಿ ಸೊನ್ನೆ ಸುತ್ತಿಟ್ಟಿದ್ದೀನಿ. ಯಾಕೋ? ಯಾಕೆ ಹಾಗ್ ನೋಡ್ತೀಯ?"

ಲೋಹದ ಮೇಲೆ ಕೂತ ಟ್ಯಾಗಿಗೆ ರೇಡಿಯೋದ ಕರೆ ಕೇಳಿಸುವುದಿಲ್ಲ. ತರಬೇತಿಯ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅವನು ಮಾತ್ರ ಬೇಗ ಮುಗಿಯಲೆಂದು ಟ್ಯಾಗುಗಳನ್ನು ಚೀಟಿಗಳ ಸುರುಳಿಯಿಂದ ಬಿಡಿಸುವ ಮೊದಲೇ ಯಂತ್ರಕ್ಕೆ ಓದಿಸಿ, ಆಮೇಲೆ ಅಂಟಿಸುತ್ತ ಹೋಗಿದ್ದ. ಅಂಟಿಸಿದ ಮೇಲೆ ಇನ್ನೊಮ್ಮೆ ಓದಿಸಿ ನೋಡಿರಲಿಲ್ಲ. ಎಣಿಕೆಯ ನಾಲ್ಕು ದಿನವೂ ಪರದೆಯ ಅಂಕಿಯನ್ನು ನೋಡಿದನೇ ಹೊರತು ಕಪಾಟನ್ನು ನೋಡಿರಲಿಲ್ಲ. ಪುಸ್ತಕಗಳು ಅವನ ಮೂಗಿನ ಮುಂದೆಯೇ ಇದ್ದವು.

ಅವನು ನಕ್ಕ. ನಗುನಗುತ್ತ ಕಣ್ಣು ಮಂಜಾಯಿತು. ಪಟ್ಟಿ ತೋರಿಸಿ, ಯಂತ್ರಕ್ಕೆ ಬೆಳ್ಳಿ ಅಡ್ಡ ಬಂದ ಕಥೆಯನ್ನಷ್ಟೇ ಹೇಳಿದ.

"ಅಯ್ಯೋ! ನಾನು ನೀರಿಗೆ ಬೇಲಿ ಹಾಕಿದ್ರೆ ನಿನ್ನ ರೇಡಿಯೋಗೂ ಹಾಕ್ಬಿಟ್ನಾ?" ಮಾವ ಅಂಟಿನ ಕೈಯಲ್ಲೇ ಹಣೆ ಚಚ್ಚಿಕೊಂಡ. "ನಡಿ, ನಾಳೆ ಬೆಳಿಗ್ಗೆ ಎಂಟಕ್ಕೆಲ್ಲ ಇರ್ತೀನಿ."

ಸೋಮವಾರ ಮೊದಲನೆಯ ಪುಸ್ತಕ ಕಪಾಟಿನಲ್ಲೇ, ತನ್ನ ಜಾಗದಲ್ಲೇ, ಏನೂ ತಿಳಿಯದಂತೆ ನಿಂತಿತ್ತು. ಯಂತ್ರ ಹಿಡಿದರೆ ಸದ್ದಿಲ್ಲ. ಮಾವ ತೆಳುವಾದ ಚಾಕುವನ್ನು ಒಳಹಾಳೆಯ ಅಂಚಿಗೆ ತೂರಿಸಿ, ಟ್ಯಾಗಿನ ಸಮೇತ ಹಾಳೆಯನ್ನು ಚರ್ಮ ಸುಲಿದ ಹಾಗೆ ಎತ್ತಿ, ಅಡಿಯ ಬೆಳ್ಳಿಯನ್ನು ಎಳೆದು, ಹಾಳೆಯನ್ನು ಮತ್ತೆ ಕೂರಿಸಿದ. ಯಂತ್ರ ಕೀಕ್ ಎಂದಿತು.

"ಬಂತಲ್ಲೋ ಬಾಯಿ!" ಎಂದ ಮಾವ.

ಹತ್ತು ಗಂಟೆಗೆ ಗ್ರಂಥಪಾಲಕಿ ಬರುವಷ್ಟರಲ್ಲಿ ಹದಿನೈದು ಪುಸ್ತಕಗಳಿಗೆ ಬಾಯಿ ಬಂದಿತ್ತು. ಉಳಿದವೂ ಕಪಾಟುಗಳಲ್ಲಿ ಇರುವುದನ್ನು ಅವರೇ ಪಟ್ಟಿ ಹಿಡಿದು ನೋಡಿ ಬಂದರು. 'ಕಾರಣ'ದ ಕಾಲಂನಲ್ಲಿ ಅವನು ತನ್ನ ತಪ್ಪನ್ನೇ ಬರೆದಿದ್ದ: ಅಂಟಿಸಿದ ಬಳಿಕ ಓದಿಸಿ ನೋಡಲಿಲ್ಲ. ಅವರು ಓದಿ, "ಇಷ್ಟು ನೇರವಾಗಿ ಬರೆದ್ರೆ ನಾನ್ಯಾರ ತಲೆ ತಿನ್ಲಿ?" ಎಂದು ಗೊಣಗಿ ಸಹಿ ಹಾಕಿದರು.

ಮಾವನ ಕೊನೆಯ ತಿಂಗಳು ಹೀಗೆ ಕಳೆಯಿತು. ಅದೇ ಮೇಜು. ಒಂದು ಬದಿಯಲ್ಲಿ ಚಾಕು, ಅಂಟು. ಇನ್ನೊಂದು ಬದಿಯಲ್ಲಿ ಅವನ ಯಂತ್ರ. ಹೆಚ್ಚು ಮಾತಿಲ್ಲ. ತೆಗೆದ ಬೆಳ್ಳಿಯನ್ನು ಮಾವ ಒಂದರ ಮೇಲೊಂದು ಸುತ್ತುತ್ತ ಹೋದ. ಕೊನೆಯ ಪುಸ್ತಕ ಮುಗಿದಾಗ ಅದೊಂದು ಒಳ್ಳೆಯ ಚೆಂಡಾಗಿತ್ತು.

"ತಗೋ, ಇದಕ್ಕೆ ಟ್ಯಾಗ್ ಹಾಕ್ಬೇಡ," ಎಂದು ಅವನ ಕೈಗಿತ್ತ. ಮತ್ತೆ ಅಂಟಿನ ಬಟ್ಟಲು ತೊಳೆಯುತ್ತ ಕೇಳಿದ, "ಆವತ್ತು ಭಾನುವಾರ ಏನೋ ಕೇಳೋಕೆ ಬಂದಿದ್ದೆ ಅಲ್ವಾ? ಕೇಳ್ಲೇ ಇಲ್ಲ."

"ಮರ್ತೇಹೋಯ್ತು ಮಾವ."

ಅಂದು ಅವನು ಬಸ್ ನಿಲ್ದಾಣದವರೆಗೂ ಮಾವನ ಜೊತೆಗೆ ನಡೆದ. ಮೇಜಿನ ಅರ್ಧ ಜಾಗಕ್ಕೆ, ಮೂರು ವರ್ಷದ ಮೌನಕ್ಕೆ, ಈ ಒಂದು ತಿಂಗಳಿಗೆ ತಾನು ಎಷ್ಟು ಋಣಿ ಎಂಬುದನ್ನು ತಡವರಿಸುತ್ತಲೇ ಹೇಳಿದ. ಮಾವ, "ಸಾಕು ನಡಿಯೋ, ಬಸ್ ಬಂತು," ಎಂದು ಮುಖ ಆಚೆ ತಿರುಗಿಸಿಕೊಂಡ.

ಒಂದು ಶನಿವಾರದ ಸಂಜೆಯಿಂದ ಭಾನುವಾರದ ಬೆಳಗಿನವರೆಗೆ ಮಾವನನ್ನು ಕಳ್ಳನೆಂದು ಎಣಿಸಿದ್ದೆ ಎಂಬುದನ್ನು ಮಾತ್ರ ಅವನು ಎಂದೂ ಹೇಳಲಿಲ್ಲ.