ಗಿಣ್ಣದ ಮೊದಲ ತುತ್ತು

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿತ್ತು. ಬೀಡಿ ಎಂಬ ಊರಿನ ಪಶು ಆಸ್ಪತ್ರೆಯ ಗುರುಪುತ್ರಪ್ಪ ಬೆಳಿಗ್ಗೆ ಎಂಟಕ್ಕೇ ಲಸಿಕೆಯ ಪೆಟ್ಟಿಗೆಯನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಊರಾಚೆಯ ಹೊಲಕ್ಕೆ ಬಂದಿದ್ದ. ಕಡಲೆ ಕಿತ್ತ ಹೊಲದಲ್ಲಿ ನಾಗಲಿಂಗನ ಕುರಿಮಂದೆ ತಂಗಿತ್ತು. ನಾಗಲಿಂಗ ಒಂದೊಂದೇ ಕುರಿಯನ್ನು ಹಿಡಿದು ಮೊಣಕಾಲ ನಡುವೆ ಒತ್ತಿಕೊಳ್ಳುವುದು, ಗುರುಪುತ್ರಪ್ಪ ಚರ್ಮ ಎತ್ತಿ ಸೂಜಿ ಚುಚ್ಚುವುದು, ನಾಗಲಿಂಗನ ಹೆಂಡತಿ ಮಾಯಕ್ಕ ಅದರ ಬೆನ್ನಿಗೆ ಕೆಮ್ಮಣ್ಣಿನ ಗುರುತು ಬಳಿದು ಬಿಡುವುದು. ಹೀಗೆ ನೂರಿಪ್ಪತ್ತು ಕುರಿ ಮುಗಿಯುವ ಹೊತ್ತಿಗೆ ಗುರುಪುತ್ರಪ್ಪ ಮೂರು ಸಲ ನೀರು ಕೇಳಿದ್ದ. ಎರಡು ಸಲ ಬೇಲಿಯ ಮರೆಗೆ ಹೋಗಿ ಬಂದಿದ್ದ.

ಸರ್ಕಾರದ ಕಾಗದದಲ್ಲಿ ಅವನು ಪಶು ಪರೀಕ್ಷಕ. ಸುತ್ತಿನ ಹಳ್ಳಿಗಳ ಬಾಯಲ್ಲಿ ಮಾತ್ರ ಡಾಕ್ಟರು. ನಲವತ್ತಾರರ ವಯಸ್ಸಿನಲ್ಲಿ ಇಪ್ಪತ್ತು ವರ್ಷ ಇದೇ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಕಳೆದಿದ್ದ. ನಾಲ್ಕನೆಯ ಚರಿಗೆ ನೀರು ಕೈಗೆ ಕೊಡುವಾಗ ಮಾಯಕ್ಕ ಅದನ್ನು ಒಂದು ಕ್ಷಣ ಬಿಡಲಿಲ್ಲ.

"ಡಾಕ್ಟರ್ರ, ಒಂದ ಮಾತ ಕೇಳತೀನಿ, ಸಿಟ್ಟ ಮಾಡಕೋಬ್ಯಾಡ್ರಿ. ಎಷ್ಟ ದಿವಸದಿಂದ ಹಿಂಗ ನೀರು ಬೇಡಾಕತ್ತೈತಿ?"

"ಬ್ಯಾಸಿಗಿ ಐತೆಲ್ಲ ಯಕ್ಕಾ. ಮೈ ನೀರು ಬೇಡದ ಬೆಂಕಿ ಬೇಡತೈತೇನು?"

"ಬ್ಯಾಸಿಗಿ ನಿಮಗೊಬ್ರಿಗೆ ಬಂದೈತೇನ್ರಿ? ನಾವೂ ಅದ ಬಿಸಲಾಗ ನಿಂತೀವಿ. ಹೋದ ಸಲ ಬಂದಾಗ ಈ ಅಂಗಿ ನಿಮ್ಮ ಹೊಟ್ಟಿಮ್ಯಾಲ ಬಿಗಿ ಇತ್ತು. ಈಗ ಗೂಟಕ್ಕ ತೂಗಹಾಕಿದಂಗ ಆಗೈತಿ."

"ಏ, ಸುಮ್ಮಕಿರ," ಎಂದು ನಾಗಲಿಂಗ ಗದರಿದ. "ಡಾಕ್ಟರಿಗೇ ರೋಗ ಹೇಳಾಕ ನಿಂತ್ಲು."

"ಹೇಳತೀನಿ. ಕುರಿ ಹಿಂಗ ನೀರಿಗೆ ಬಿದ್ರ ಮಂದ್ಯಾಗಿಂದ ಬ್ಯಾರೆ ಮಾಡಿ ಇವರಿಗೆ ಫೋನ್ ಹಚ್ಚತೀವಿ. ಇವರ ನೀರಿಗೆ ಬಿದ್ರ ಯಾರಿಗೆ ಹಚ್ಚೂದು?" ಎಂದ ಮಾಯಕ್ಕ ದನಿ ತಗ್ಗಿಸಿದಳು. "ನಮ್ಮಣ್ಣ ಭರಮಪ್ಪಗ ಹಿಂಗ ಆಗಿತ್ರಿ. ಉಷ್ಣ ಉಷ್ಣ ಅಂತ ಕಬ್ಬಿನ ಹಾಲು ಕುಡದಾ, ಸರಬತ್ತು ಕುಡದಾ. ಅವ ಕುಂತೆದ್ದ ಜಾಗಾಕ್ಕ ಇರಿವಿ ಮುಕುರತಿದ್ವು. ಕಡೀಕೆ ಒಂದ ಸಣ್ಣ ಗಾಯಕ್ಕ ಮೊಣಕಾಲ ಕೆಳಗ ಕಾಲ ತಗದ್ರು. ಈಗ ಗುಡಿ ಕಟ್ಟಿ ಮ್ಯಾಲ ಕುಂತ ಮಂದಿ ಕುರಿ ಎಣಸ್ತಾನ."

ಗುರುಪುತ್ರಪ್ಪ ನಕ್ಕು ಮಾತು ಹಾರಿಸಿದ. ಆದರೆ ಕಬ್ಬಿನ ಹಾಲು ಎಂಬ ಮಾತು ಅವನ ಕಿವಿಯಲ್ಲೇ ನಿಂತಿತು. ತಿಂಗಳಿಂದ ಅವನೂ ಉಷ್ಣವೆಂದೇ ನಂಬಿ, ದಿನಕ್ಕೆ ಎರಡು ಸಲ ಬಸ್ ನಿಲ್ದಾಣದ ಗಾಣದ ಮುಂದೆ ಗಾಡಿ ನಿಲ್ಲಿಸುತ್ತಿದ್ದ. ಕುಡಿದಷ್ಟೂ ದಾಹ ಹೆಚ್ಚುತ್ತಿತ್ತು. ದನಗಳ ಗುರುತಿಗೆ ಸರ್ಕಾರ ಹಾಕಿಸುವ ಕಿವಿಯೋಲೆಯ ಅಂಕಿಗಳೂ ಈಚೆಗೆ ಮಸುಕಾಗಿ ಕಾಣುತ್ತಿದ್ದವು. ಪೆಟ್ಟಿಗೆ ಕಟ್ಟುವ ನೆಪದಲ್ಲಿ ಬೇಲಿಯತ್ತ ಹೋಗಿ, ರೋಗದ ದನದ ಸಗಣಿ ನೋಡುವವನಂತೆಯೇ ಕುಕ್ಕರಗಾಲಲ್ಲಿ ಕುಳಿತು ನೋಡಿದ. ತಾನು ಆಗಲೇ ಕುಳಿತೆದ್ದ ಜಾಗದ ಒದ್ದೆ ಮಣ್ಣಿಗೆ ಕರಿಯಿರುವೆಗಳು ಸಾಲುಗಟ್ಟಿದ್ದವು.

ಎರಡು ದಿನದ ಮೇಲೆ ಹೆಂಡತಿ ಕಾಂತಾಳನ್ನು ಕರೆದುಕೊಂಡು, ಏನೂ ತಿನ್ನದೆ, ಖಾನಾಪುರ ಹಿಡಿದು ಬೆಳಗಾವಿಗೆ ಹೋದ. ರಕ್ತ ಕೊಟ್ಟು, ಉಂಡು, ಮತ್ತೆ ರಕ್ತ ಕೊಟ್ಟು ಕಾದರು. ಡಾಕ್ಟರ್ ಪದ್ಮಶ್ರೀ ಮಧ್ಯವಯಸ್ಸಿನ ಹೆಂಗಸು. ಕಾಗದ ನೋಡಿ ಕನ್ನಡಕ ತೆಗೆದಿಟ್ಟರು.

"ಸಕ್ಕರಿ ಬ್ಯಾನಿ ಐತ್ರಿ. ಭಾಳ ಏರೈತಿ. ಖಾಲಿ ಹೊಟ್ಟಿಗೇ ಇನ್ನೂರಾ ನಲವತ್ತು."

ಗುರುಪುತ್ರಪ್ಪ ತಲೆ ತಗ್ಗಿಸಿದ. ಕದ್ದು ಸಿಕ್ಕಿಬಿದ್ದವನ ಹಾಗಿತ್ತು ಅವನ ಮುಖ.

"ಯಾಕ್ರಿ, ತಲಿ ಯಾಕ ತಗ್ಗಸ್ತೀರಿ? ಇದೇನು ಮಾಡಿದ ತಪ್ಪಿಗೆ ಶಿಕ್ಷಾ ಅಲ್ಲ. ಗುಳಿಗಿ ತಪ್ಪಸಬ್ಯಾಡ್ರಿ, ದಿವಸಾ ನಡೀರಿ, ಊಟ ಹೇಳಿದಂಗ ಮಾಡ್ರಿ. ಕಣ್ಣಿನ ಮಸಕು ಸಕ್ಕರಿ ಇಳದಂಗ ತಿಳಿ ಆಗಬೌದು. ಆದ್ರೂ ಕಣ್ಣು ಒಮ್ಮಿ ತೋರಿಸ್ರಿ. ಕಾಲಂತೂ ದಿವಸಾ ನೋಡಕೋರಿ."

"ಬೆಲ್ಲಾ ನಡೀತೈತಲ್ರಿ?" ಎಂದು ಕಾಂತಾ ಆಸೆಯಿಂದ ಕೇಳಿದಳು.

"ಬೆಲ್ಲಾ ಸಕ್ಕರಿ ಒಂದ ಹೊಟ್ಟ್ಯಾಗಿನ ಮಕ್ಕಳಮ್ಮಾ. ಬಣ್ಣ ಅಷ್ಟ ಬ್ಯಾರೆ." ಡಾಕ್ಟರರು ಚೀಟಿ ಬರೆಯುತ್ತ ಕೇಳಿದರು, "ಛಲೋ ಹೊತ್ತಿನ್ಯಾಗ ಬಂದ್ರಿ. ಪರೀಕ್ಷಾ ಮಾಡಿಸ್ಕೋರಿ ಅಂತ ಯಾರು ಹೇಳಿದ್ರು?"

"ಕುರಿ ಕಾಯೋ ಒಬ್ಬಾಕಿ ಹೆಣ್ಣಮಗಳ್ರಿ."

"ಆ ತಾಯಿಗೆ ನಂದೂ ಒಂದ ಶರಣು ಹೇಳ್ರಿ."

ಬೆಳಗಾವಿಗೆ ಬಂದಾಗಲೆಲ್ಲ ರವಿವಾರ ಪೇಟೆಯಲ್ಲಿ ತಿಂಗಳ ಸಾಮಾನು ಕಟ್ಟಿಸುವುದು ಕಾಂತಾಳ ವಾಡಿಕೆ. ಅಂದೂ ಹೋದಳು. ಯಾವಾಗಲೂ ಬೆಲ್ಲ ಕೊಳ್ಳುವ ಅಂಗಡಿಯವನು ದೂರದಿಂದಲೇ "ಬರ್ರಿ ವೈನಿ, ಹೊಸಾ ಬೆಲ್ಲ ಬಂದೈತಿ" ಎಂದು ಬೆಲ್ಲದ ಪೆಂಟಿಯ ಚೂರೊಂದನ್ನು ಮುಂದೆ ಹಿಡಿದ. ಕಾಂತಾ ಕೈಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿ, "ಮನ್ಯಾಗ ಇನ್ನೂ ಐತ್ರಿ" ಎಂದು ಸುಳ್ಳು ಹೇಳಿ ಮುಂದೆ ನಡೆದಳು. ಪಕ್ಕದ ಅಂಗಡಿಯಲ್ಲಿ ಹೆಸರು, ಹುರುಳಿ, ಮೆಂತೆ ಕಟ್ಟಿಸಿದಳು. ಬಸ್ಸು ಖಾನಾಪುರ ದಾಟಿದ ಮೇಲೆ ಅವಳೇ ಎಂದಳು: "ನಾನೂ ಬೆಳಿಗ್ಗೆ ನಿಮ್ಮ ಜೋಡಿ ನಡ್ಯಾಕ ಬರತೀನಿ. ಒಬ್ರ ಹೋದ್ರ ಯಾರರ ಚಹಾಕ್ಕ ಕರೀತಾರ."

ಅವಳು ಹೇಳಿದಂತೆ ಮಾಡಿದಳು. ನಾಲ್ಕು ರೊಟ್ಟಿ ಎರಡಾದವು. ತಟ್ಟೆಯ ಉಳಿದ ಜಾಗವನ್ನು ಕಾಳಿನ ಪಲ್ಯ, ಹಸಿ ಮೆಂತೆ ಸೊಪ್ಪು, ಸೌತೆಕಾಯಿ ತುಂಬಿದವು. ಚಹಾ ಸಪ್ಪಗಾಯಿತು. ತಿಂಗಳೊಳಗೆ ದಾಹ ಇಳಿಯಿತು. ಕಿವಿಯೋಲೆಯ ಹನ್ನೆರಡು ಅಂಕಿಗಳೂ ಮತ್ತೆ ಒಂದೊಂದಾಗಿ ಕಣ್ಣಿಗೆ ಹತ್ತಿದವು. ಆ ದಿನ ಗುರುಪುತ್ರಪ್ಪ ನಾಗಲಿಂಗನ ಮಂದೆ ಎಲ್ಲಿ ತಂಗಿದೆ ಎಂದು ಕೇಳಿಕೊಂಡು ಹೋಗಿ, ಮಾಯಕ್ಕನಿಗೆ ಡಾಕ್ಟರರ ಶರಣು ತಲುಪಿಸಿ ಬಂದ. ಅವಳು ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಮಂದಿಗೆ ಮಾತ್ರ ಹೇಳಬ್ಯಾಡ ಯಕ್ಕಾ" ಎಂದು ಅವನು ಕೇಳಿಕೊಂಡಾಗ ಮಾತ್ರ ಅವಳ ನಗು ಆರಿತು.

ಅಡಚಣೆ ಇದ್ದದ್ದು ಅಲ್ಲೇ. ಅವನ ಸುತ್ತಿನ ಹಳ್ಳಿಗಳಲ್ಲಿ ಒಂದು ರೂಢಿಯುಂಟು. ಆಕಳೋ ಎಮ್ಮೆಯೋ ಈದಾಗ ಕರುವಿಗೆ ಕುಡಿಸಿ ಉಳಿದ ಮೊದಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಬೇಯಿಸುತ್ತಾರೆ. ದೇವರಿಗೆ ಎಡೆಯಾದ ಮೇಲೆ ಅದರ ಮೊದಲ ತುತ್ತು ಕರು ಹಾಕಿಸಿದವನ ಪಾಲು. ಆ ತುತ್ತನ್ನು ಅವನು ದನದ ಎದುರಿಗೇ ಕುಳಿತು ತಿನ್ನಬೇಕು. ಒಲ್ಲೆ ಎಂದರೆ ಹಾಲು ಹಿಂಗುತ್ತದೆ ಎಂದು ನಂಬಿಕೆ. ಮುಂದಿನ ಎರಡು ತಿಂಗಳಲ್ಲಿ ಏಳು ಮನೆಗಳಲ್ಲಿ ದನ ಈದವು. ಏಳೂ ಕಡೆ ಅವನು ತಿಂದ. ತುತ್ತೆಂಬುದು ಹೆಸರಿಗೆ, ಬಟ್ಟಲು ಖಾಲಿಯಾಗದೆ ಯಾವ ತಾಯಿಯೂ ಏಳಗೊಡುತ್ತಿರಲಿಲ್ಲ. ಇಳಿದಿದ್ದ ಸಕ್ಕರೆ ಮತ್ತೆ ಏರಿತು.

ಒಂದು ಸಂಜೆ ಬಚ್ಚಲಲ್ಲಿ ಅವನ ಕಾಲಿಗೆ ನೀರು ಹಾಕುತ್ತಿದ್ದ ಕಾಂತಾ ಚರಿಗೆ ಕೆಳಗಿಟ್ಟಳು. ಅಂಗಾಲಿನಲ್ಲಿ ಜಾಲಿಮುಳ್ಳೊಂದು ಮುರಿದು ಕೂತಿತ್ತು. ಸುತ್ತ ಕೆಂಪೇರಿತ್ತು.

"ನೋಯಲಿಲ್ಲೇನ್ರಿ?"

"ಇಲ್ಲ." ಅವನು ಬಗ್ಗಿ ಮುಳ್ಳಿನ ಸುತ್ತ ಬೆರಳಿಂದ ಒತ್ತಿ ನೋಡಿದ.

ಮರುದಿನ ಡಾಕ್ಟರರಿಗೆ ತೋರಿಸಿ ಮುಳ್ಳು ತೆಗೆಸಿದರು. ಮನೆಗೆ ಬಂದ ಮೇಲೆ ಕಾಂತಾ ಅವನೆದುರು ಕುಳಿತಳು. "ಊರಾಗ ಹೇಳಿಬಿಡ್ರಿ. ಏನು ಕಳ್ಳತನ ಮಾಡೀರೇನು?"

"ನಿನಗ ತಿಳಿಯಂಗಿಲ್ಲ. ಡಾಕ್ಟರಿಗೇ ಬ್ಯಾನಿ ಅಂದ್ರ ನಗತಾರ. ಇವನ ಕೈಯಾಗ ಕಸುವು ಉಳದಿಲ್ಲ ಅಂತ ದನ ಹಿಡದ ತೋರಸಾಕ ಹಿಂದ ಮುಂದ ನೋಡತಾರ. ಅದೂ ಇರಲಿ, ಬಡವರು ಒಂದ ಆಕಳದ ಮ್ಯಾಲ ಜೀವಾ ಇಟಗೊಂಡಿರತಾರ. ಅವರ ತುತ್ತು ಒಲ್ಲೆ ಅನ್ನಾಕ ನನಗ ಬಾಯಿ ಬರಂಗಿಲ್ಲ."

"ಅವರ ಮನಸು ನೋಯಬಾರದು, ಖರೇ. ನಿಮ್ಮ ಕಾಲು ಹೋದ್ರ ಅವರ ಆಕಳಿಗೆ ಯಾರು ಬರತಾರ? ಅದನ್ನರ ವಿಚಾರ ಮಾಡ್ರಿ."

ಆ ಮಾತು ಅವನೊಳಗೆ ಮುಳ್ಳಿಗಿಂತ ಆಳಕ್ಕೆ ಇಳಿಯಿತು.

ಮುಂಗಾರಿನ ಮಿರಗದ ಮಳೆ ಹಿಡಿದ ವಾರ ಸಂಗವ್ವನ ಆಕಳು ಈಯಲಾರದೆ ಒದ್ದಾಡಿತು. ಸಂಗವ್ವ ಒಂಟಿ ಮುದುಕಿ. ಆ ಆಕಳ ಹಾಲೇ ಅವಳ ಬದುಕು. ಕರುವಿನ ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಗುರುಪುತ್ರಪ್ಪ ಮೊಣಕೈವರೆಗೆ ಕೈ ಇಳಿಸಿ, ಎರಡು ತಾಸು ಬೆವರಿ, ಕಾಲು ನೀಡಿಸಿ ಕರುವನ್ನು ಜೀವಂತ ಹೊರಗೆಳೆದ. ಹೆಣ್ಣು ಕರು. ಮುದುಕಿ ಅವನ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಮರುದಿನ ಬೆಳಿಗ್ಗೆ ಆಕಳನ್ನು ನೋಡಲು ಬಂದಾಗ ಕೊಟ್ಟಿಗೆಯ ಮುಂದೆ ಚಾಪೆ ಹಾಸಿತ್ತು. ಓಣಿಯ ನಾಲ್ಕಾರು ಮಂದಿ ಸೇರಿದ್ದರು. ಗೋಡೆಗೊರಗಿ ಮುತ್ತಪ್ಪ ಕುಳಿತಿದ್ದ. ಹರೆಯದಲ್ಲಿ ಕುಸ್ತಿ ಆಡಿ ಹೆಸರಾದವನು; ಅರವತ್ತು ದಾಟಿದರೂ ಮೀಸೆಯ ಹುರಿ ಇಳಿದಿರಲಿಲ್ಲ. ಸಂಗವ್ವ ಗಿಣ್ಣದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಏಲಕ್ಕಿಯ ಪರಿಮಳಕ್ಕೆ ಗುರುಪುತ್ರಪ್ಪನ ನಾಲಿಗೆಯಲ್ಲಿ ನೀರೂರಿತು. ಕೈ ಮಾತ್ರ ಮುಂದೆ ಬರಲಿಲ್ಲ.

"ಯವ್ವಾ, ನಾ ಇದನ್ನ ತಿನ್ನಂಗಿಲ್ಲ. ನನಗ ಸಕ್ಕರಿ ಬ್ಯಾನಿ ಆಗೈತಿ."

ಸಂಗವ್ವ ಬಟ್ಟಲನ್ನು ಬಗ್ಗಿ ನೋಡಿ, "ಸಕ್ಕರಿ ಎಲ್ಲೈತೋ ಯಪ್ಪಾ? ನಾ ಬೆಲ್ಲಾ ಹಾಕೀನಿ" ಎಂದಳು.

ಅಂಗಳ ನಕ್ಕಿತು. ಗುರುಪುತ್ರಪ್ಪನೂ ನಕ್ಕ. "ಎರಡೂ ಒಂದ ಹೊಟ್ಟ್ಯಾಗಿನ ಮಕ್ಕಳಂತ ಯವ್ವಾ, ಡಾಕ್ಟರು ಹೇಳ್ಯಾರ."

"ದನಕ್ಕ ಸೂಜಿ ಚುಚ್ಚಿ ಚುಚ್ಚಿ ಈಗ ನಿಮಗ ಚುಚ್ಚೂ ಪಾಳಿ ಬಂತನ್ರಿ!" ಎಂದ ಮುತ್ತಪ್ಪ ಮೀಸೆ ತಿರುವಿದ. "ಒಂದ ತುತ್ತಿಗೆ ಏನಾಕ್ಕೈತ್ರಿ? ತಾಲೀಮಿನಾಗ ನಾವು ಹಾಲು ತುಪ್ಪಾ ಸಕ್ಕರಿ ಕೂಡಿಸಿ ಕುಡದ ಗಂಡಸರು. ಇವೆಲ್ಲಾ ಶಹರದವರ ರೋಗ. ತಿನ್ರಿ, ಮುದುಕಿ ಮನಸು ಮುರೀಬ್ಯಾಡ್ರಿ."

"ಒಂದ ತುತ್ತು ಅಂತನ ಏಳು ಮನ್ಯಾಗ ತಿಂದೆ, ಮುತ್ತಪ್ಪಣ್ಣಾ. ಯಾರಿಗೂ ಹೇಳದ ತಿಂದೆ. ಆಮ್ಯಾಲ ಅಂಗಾಲಾಗ ಜಾಲಿಮುಳ್ಳ ಮುರದ ಕುಂತಿತ್ತು. ನನಗ ಗೊತ್ತ ಆಗಲಿಲ್ಲ. ಮನ್ಯಾಕಿ ನೋಡದಿದ್ರ ಈ ಹೊತ್ತಿಗೆ ಕಾಲು ಕೊಳೀತಿತ್ತು."

ಮುತ್ತಪ್ಪನ ಕೈ ಮೀಸೆಯಿಂದ ಕೆಳಗಿಳಿಯಿತು. ಅವನು ಚಾಚಿದ್ದ ಕಾಲುಗಳನ್ನು ಮೆಲ್ಲಗೆ ಧೋತರದೊಳಕ್ಕೆ ಎಳೆದುಕೊಂಡ.

ಸಂಗವ್ವ ಬಟ್ಟಲು ಹಿಡಿದೇ ನಿಂತಿದ್ದಳು. ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ಕೊಟ್ಟಿಗೆಯತ್ತ ನೋಡಿದಳು. ಆಕಳು ಕರುವಿನ ಬೆನ್ನು ನೆಕ್ಕುತ್ತಿತ್ತು. ಅವನು ತಿನ್ನದೆ ಹೋಗಿ ನಾಳೆ ಹಾಲು ಹಿಂಗಿದರೆ? ಆ ಭಯ ಅವಳ ಸುಕ್ಕುಗಳಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಇನ್ನೊಂದು ಕ್ಷಣವಾಗಿದ್ದರೆ ಗುರುಪುತ್ರಪ್ಪ ಬಟ್ಟಲಿಗೆ ಕೈ ಚಾಚಿಬಿಡುತ್ತಿದ್ದನೇನೋ.

"ಕುಂದರೋ ಯಪ್ಪಾ, ಹೋಗಬ್ಯಾಡ," ಎಂದು ಮುದುಕಿ ಒಳಗೆ ನಡೆದಳು. ಒಲೆಯ ಕೊಳವೆ ಊದುವ ಸಪ್ಪಳ ಕೇಳಿಸಿತು. ಯಾರೂ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಇನ್ನೊಂದು ಬಟ್ಟಲು ತಂದು ಅವನೆದುರು ಇಟ್ಟಳು. ಬೆಳ್ಳಗಿನ ಗಿಣ್ಣ, ಹೆಪ್ಪುಗಟ್ಟಿ ನಡುಗುತ್ತಿತ್ತು.

"ಹೊತ್ತಾರಿನ ಹಾಲು ಒಂದಿಷ್ಟು ಉಳದಿತ್ತು. ಏನೂ ಹಾಕಿಲ್ಲ. ಬೆಲ್ಲಾ ಅಂಗಡ್ಯಾಂವ ಕೊಟ್ಟದ್ದು. ನೀ ಹಡಸಿದ್ದು ನನ್ನ ಆಕಳನ್ನ. ಆಕಿ ಕೊಟ್ಟದ್ದಷ್ಟ ತಿನ್ನು."

ಗುರುಪುತ್ರಪ್ಪ ಆಕಳ ಕಡೆಗೆ ಮುಖಮಾಡಿ ಮೊದಲ ತುತ್ತು ಬಾಯಿಗಿಟ್ಟ. ಬೆಲ್ಲದ ಕೆಳಗೆ ಇಷ್ಟು ವರ್ಷ ಅಡಗಿದ್ದ ಹಾಲಿನ ರುಚಿ ನಾಲಿಗೆಗೆ ಬಂತು. ಇರುವೆಯ ಮಾತು ಹೇಳಿದವಳು, ಅಂಗಾಲು ನೋಡಿದವಳು, ಈಗ ಸಪ್ಪನ ಬಟ್ಟಲು ಮುಂದಿಟ್ಟವಳು. ತನ್ನ ಒಂದು ಜೀವಕ್ಕೆ ಎಷ್ಟು ಮಂದಿ ತಾಯಂದಿರು ಎನ್ನಿಸಿ ಅವನ ಕಣ್ಣು ತೇವವಾಯಿತು. "ಛಲೋ ಆಗೈತಿ ಯವ್ವಾ," ಎಂದ. ಮುದುಕಿಯ ಮುಖ ಅರಳಿತು.

ಆಮೇಲೆ ಬೆಲ್ಲದ ಗಿಣ್ಣ ಎಲ್ಲರ ಕೈಗೆ ಬಂತು. ಮುತ್ತಪ್ಪನ ಸರದಿ ಬಂದಾಗ ಅವನು ಅಂಗೈ ಚಾಚಲಿಲ್ಲ. ಗಂಟಲು ಸರಿಪಡಿಸಿಕೊಂಡ.

"ಸಂಗವ್ವಾ... ಆ ಸಪ್ಪಂದು ಇನ್ನಷ್ಟು ಐತೇನ?"

ಅವಳು ತಿರುಗಿ ನೋಡಿದಳು.

"ನನಗೂ ಅದನ್ನ ಹಾಕ," ಎಂದ, ನೆಲ ನೋಡುತ್ತ. "ಎರಡು ವರಸಾತು."

ಯಾರೂ ನಗಲಿಲ್ಲ. ಸಂಗವ್ವ ಏನೂ ಕೇಳದೆ ಒಳಗೆ ಹೋದಳು. ಗುರುಪುತ್ರಪ್ಪ ಚಾಪೆಯ ಮೇಲೆ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದ.

"ಇಲ್ಲಿ ಬರ್ರಿ, ಮುತ್ತಪ್ಪಣ್ಣಾ," ಎಂದ. "ಆ ಕಾಲು ಇತ್ತ ಚಾಚ್ರಿ. ನೋಡೂಣು."