ನಾಲ್ಕೆಸಳಿನ ಸಿಪ್ಪೆ

ಒಂದು ಕಿಲೋ ಒಣಸಿಪ್ಪೆಗೆ ಇಪ್ಪತ್ತು ಕಿಲೋ ಕಿತ್ತಳೆ ಬೇಕು. ಒಳಗಿನ ತೊಳೆಯನ್ನು ಶಿನ್‌ಹ್ವೇ ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾತುಕೋಳಿಗೆ ಹಾಕುತ್ತಾರೆ, ಮಿಕ್ಕಿದ್ದು ಕಾಲುವೆಗೆ. ಸಿಪ್ಪೆಯನ್ನು ಒಂದು ತುದಿ ಕೂಡಿಕೊಂಡೇ ಇರುವಂತೆ ಮೂರು ಎಸಳಾಗಿ ಬಿಡಿಸಬೇಕು. ಹತ್ತು ಬಿಸಿಲು ಕಾಯಿಸಬೇಕು. ಆಮೇಲೆ ಬೇಕಾಗುವುದು ವರ್ಷಗಳು; ಹಳತಾದಷ್ಟೂ ಅಡುಗೆಗೂ ಮದ್ದಿಗೂ ಅದರ ಬೆಲೆ ಹೆಚ್ಚು. ಮೂರು ವರ್ಷ ತುಂಬದ ಸಿಪ್ಪೆಗೆ ಅಲ್ಲಿ ಹೆಸರೇ ಇಲ್ಲ. ಪ್ರತಿ ಚಳಿಗಾಲ, ಬಡಗಣ ಗಾಳಿ ಬೀಸುವಾಗ, ಹೊರಗೆ ಹರಡಿ ಒಣಗಿಸಿ ಮತ್ತೆ ಜಾಡಿಗೆ ತುಂಬಿ ಬಾಯಿಗೆ ಮೇಣ ಮೆತ್ತಬೇಕು. ಯೂಕ್‌ಚಾನ್ ಮುದುಕಿಯ ಮಂಚದ ತಲೆದೆಸೆಯಲ್ಲಿದ್ದ ಜಾಡಿಗೆ ಹೀಗೆ ನಲವತ್ತೊಂದು ಚಳಿಗಾಲ ಖರ್ಚಾಗಿತ್ತು.

ಮಗಳು ಹುಟ್ಟಿದ ವರ್ಷ ಅವಳ ಮದುವೆಗೆಂದು ತುಂಬಿಟ್ಟ ಜಾಡಿ ಅದು. ಆರನೇ ವರ್ಷಕ್ಕೆ ಮಗು ಜ್ವರದಲ್ಲಿ ತೀರಿಕೊಂಡಿತು. ಜಾಡಿ ಉಳಿಯಿತು. ಸೊಸೆ ಸೌಹಿಂಗ್ ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾದರೂ ಆ ಜಾಡಿಯ ಮಟ್ಟಿಗೆ ಖಾಲಿ ಬಿದಿರಿನ ತಟ್ಟೆ ಹೊತ್ತು ಅಂಗಳಕ್ಕೆ ತಂದಿಡುವುದಷ್ಟೇ ಅವಳ ಪಾಲಿನ ಕೆಲಸ. ಜಾಡಿಯೊಳಗೆ ಕೈಯಿಟ್ಟವಳು ಅತ್ತೆ ಒಬ್ಬಳೇ.

ಮೂರನೇ ತಿಂಗಳು ಬಂತು. ತೆಂಕಣ ಗಾಳಿಗೆ ಗೋಡೆ ಬೆವರಿತು, ನೆಲ ಜಾರತೊಡಗಿತು. ಆಸ್ಪತ್ರೆಯಿಂದ ಬಂದ ಮೇಲೆ ಯೂಕ್‌ಚಾನಳಿಗೆ ಏನು ಕೊಟ್ಟರೂ ಮಣ್ಣು ತಿಂದ ಹಾಗಾಗುತ್ತಿತ್ತು. ಒಂದು ಬೆಳಗ್ಗೆ ಅವಳೇ ಬಾಯಿಬಿಟ್ಟು ಕೇಳಿದಳು.

"ಸೌಹಿಂಗ್, ಆ ಜಾಡಿ ತೆಗಿಯೇ. ಪುಡಿ ಮಾಡಿ ಗಂಜಿಗೆ ಹಾಕು."

"ಯಾವ ಜಾಡಿ ಅತ್ತೆ?"

"ನನ್ನ ತಲೆ ಹತ್ರ ಎಷ್ಟು ಜಾಡಿ ಮಲಗ್ತವೆ?"

"ಅಡುಗೆಮನೆ ಡಬ್ಬೀಲಿ ಪುಡಿ ಇದೆಯಲ್ಲ."

"ಅದು ಚೂರುಪಾರು ಕುಟ್ಟಿದ್ದು. ಮೀನಿನ ವಾಸನೆ ಹೋಗೋಕೆ ಸಾಕು. ನನಗೆ ಸಾಲದು."

ಇಡೀ ಸಿಪ್ಪೆಯನ್ನು ಯಾರೂ ಪುಡಿ ಮಾಡುವುದಿಲ್ಲ. ಆದರೆ ಸೌಹಿಂಗ್‌ಗೆ ಅಂಜಿಕೆ ಅದರದಲ್ಲ, ಗಾಳಿಯದು. ಈ ದಿನಗಳಲ್ಲಿ ಮೇಣ ಒಡೆದರೆ ಸಿಪ್ಪೆ ತೇವ ಕುಡಿಯುತ್ತದೆ, ವಾರದೊಳಗೆ ಬೂಷ್ಟು ಹಿಡಿಯುತ್ತದೆ.

"ಗಾಳಿ ತಿರುಗಲಿ ಅತ್ತೆ. ನಾಲ್ಕು ದಿನ ತಡೀರಿ."

"ಗಾಳಿ ತಿರುಗತ್ತೆ. ನಾನಿರ್ತೀನಾ?"

"ಬಿಡ್ತು ಅನ್ನಿ."

ಯೂಕ್‌ಚಾನ್ ಗೋಡೆಯ ಕಡೆ ಹೊರಳಿದಳು. ಏನನ್ನೂ ಎರಡು ಸಲ ಕೇಳಿದ ಹೆಂಗಸಲ್ಲ ಅವಳು.

ಸೌಹಿಂಗಳ ಗಂಡ ಮರಳು ಸಾಗಿಸುವ ದೋಣಿಯ ಮೇಲೆ ದೂರದಲ್ಲಿದ್ದ. ಸೌಹಿಂಗ್ ಪಕ್ಕದ ಮನೆಯ ಕ್ವಾಯ್‌ಫಾಳನ್ನು ಕೇಳಿದಳು. ಹಲ್ಲು ಬಂದಾಗಿನಿಂದ ಸಿಪ್ಪೆಯಲ್ಲೇ ಬೆಳೆದ ಹೆಂಗಸು.

"ಹುಚ್ಚೇನೇ ನಿಂಗೆ? ಗೋಡೆ ಅಳೋವಾಗ ಜಾಡಿ ತೆಗೆದರೆ ನಾಳೆ ನೀನು ಅಳ್ತೀಯ."

"ಎರಡೇ ಎರಡು ತೆಗೆದು ಮುಚ್ಚಿಬಿಟ್ರೆ ಅಕ್ಕಾ?"

"ಒಂದು ಉಸಿರು ಒಳಗೆ ಹೋದ್ರೂ ಮುಗೀತು. ನಿಮ್ಮತ್ತೆ ಈಗ ಜ್ವರದಲ್ಲಿ ಕೇಳ್ತಾಳೆ. ಹುಷಾರಾದ ಮೇಲೆ ನಿನ್ನ ಚರ್ಮಾನೇ ಮೂರು ಎಸಳು ಬಿಡಿಸ್ತಾಳೆ ನೋಡು!"

ಇಬ್ಬರೂ ನಕ್ಕರು. ಸೌಹಿಂಗ್ ಕಾದಳು. ದಿನಾ ಬೆಳಗ್ಗೆ ಎದ್ದೊಡನೆ ಗೋಡೆಗೆ ಅಂಗೈ ಒತ್ತಿ ನೋಡುವಳು. ಒದ್ದೆ. ಮೂರನೇ ದಿನ ಡಬ್ಬಿಯ ಪುಡಿಯನ್ನೇ ಗಂಜಿಗೆ ಕದಡಿ, ಜಾಡಿಯದು ಎಂಬಂತೆ ಸುಮ್ಮನೆ ಕುಡಿಸಲು ಹೋದಳು. "ಐದು ವರ್ಷದ್ದು," ಎಂದು ಮುದುಕಿ ಬಾಯಿ ಮುಚ್ಚಿದಳು. ಐದನೇ ದಿನ ಆ ಬಾಯಿ ಗಂಜಿಗೂ ತೆರೆಯಲಿಲ್ಲ. ಡಾಕ್ಟರು ಬಂದು ನೋಡಿ, ಬಟ್ಟೆ ಅದ್ದಿ ತುಟಿ ಒದ್ದೆ ಮಾಡುತ್ತಿರಿ ಅಂದರು, ಅಷ್ಟೇ.

ಆರನೇ ಬೆಳಗ್ಗೆಯೂ ಗೋಡೆ ಒದ್ದೆಯಾಗಿತ್ತು. ಸೌಹಿಂಗ್ ಕೈ ಒರೆಸಿಕೊಂಡು ಚಾಕುವಿನಿಂದ ಮೇಣ ಒಡೆದಳು.

ಮೇಲಿನ ಸಿಪ್ಪೆಗಳು ಕಪ್ಪಗೆ, ಎಲೆಯಷ್ಟು ತೆಳ್ಳಗೆ ಇದ್ದವು. ಅವುಗಳ ಕೆಳಗೆ ಬಟ್ಟೆಯ ಗಂಟೊಂದರಲ್ಲಿ ಏಳು ಸಿಪ್ಪೆ ಬೇರೆ ಇದ್ದವು. ಬಣ್ಣ ಕೊಂಚ ತಿಳಿ. ಕೆಲವು ವರ್ಷ ಈಚಿನವು. ಅಂಚು ಹರಕು, ಎಸಳು ಒಂದು ದಪ್ಪ ಒಂದು ಸಣ್ಣ. ಎಣಿಸಿದಳು. ಮೂರಲ್ಲ, ನಾಲ್ಕು. ಎಲ್ಲದರಲ್ಲೂ ನಾಲ್ಕು. ಕೆಲಸ ಬಲ್ಲ ಯಾರೂ ಹಾಗೆ ಬಿಡಿಸುವುದಿಲ್ಲ. ಐದು ವರ್ಷದ ಮಗು ಅಮ್ಮನ ಪಕ್ಕ ಕೂತು ಬಿಡಿಸಿದರೆ ಮಾತ್ರ ಹಾಗಾದೀತು. ಒಂದು ವರ್ಷದ ಸಿಪ್ಪೆಗೆ ಇನ್ನೊಂದು ವರ್ಷದ್ದನ್ನು ಬೆರೆಸಬಾರದೆಂದು ಸೊಸೆಯ ಕೈಗೆ ಏಟು ಕೊಟ್ಟು ಕಲಿಸಿದವಳು ತನ್ನ ಜಾಡಿಯಲ್ಲೇ ಬೆರೆಸಿಟ್ಟಿದ್ದಳು.

ಸೌಹಿಂಗ್ ಒಂದನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ, ಚಿಟಿಕೆ ಉಪ್ಪಿನೊಂದಿಗೆ ಕುಟ್ಟಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದಳು. ಬೆರಳ ತುದಿಯಲ್ಲಿ ಅತ್ತೆಯ ತುಟಿಗೆ ಸವರಿದಳು. ನಾಲಿಗೆ ಅಲುಗಲಿಲ್ಲ. ಮೂಗಿನ ಹೊಳ್ಳೆ ಮಾತ್ರ ಒಮ್ಮೆ ಅರಳಿತು. ಆಗ ಇನ್ನೊಂದು ಸಿಪ್ಪೆಯನ್ನು ತಂದು ಅವಳ ಕೈಗಿಟ್ಟಳು. ಮುದುಕಿಯ ಹೆಬ್ಬೆರಳು ಒಂದೊಂದೇ ಎಸಳು ದಾಟಿತು, ನಾಲ್ಕನೆಯದರ ಮೇಲೆ ನಿಂತಿತು.

"ತಡ ಮಾಡಿದೆ ಅತ್ತೆ," ಎಂದಳು ಸೌಹಿಂಗ್.

ಮಾರನೆಯ ಸಂಜೆ ಯೂಕ್‌ಚಾನ್ ತೀರಿಕೊಂಡಳು. ಅವಳ ಕೈಯಲ್ಲಿದ್ದ ಸಿಪ್ಪೆಯನ್ನು ಸೌಹಿಂಗ್ ಬಿಡಿಸಿಕೊಳ್ಳಲಿಲ್ಲ, ಅವಳೊಂದಿಗೇ ಕಳಿಸಿಕೊಟ್ಟಳು. ಗಾಳಿ ತಿರುಗಿದ್ದು ಮತ್ತೆ ನಾಲ್ಕು ದಿನ ಕಳೆದು. ಅಷ್ಟರಲ್ಲಿ ಜಾಡಿಯ ಸಿಪ್ಪೆಗೆಲ್ಲ ಬಿಳಿ ಬೂಷ್ಟು ಹತ್ತಿತ್ತು. ಮೊದಲೇ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಉಳಿಸಿಕೊಂಡದ್ದು ಗಂಟಿನಲ್ಲಿ ಮಿಕ್ಕ ಐದು ಮಾತ್ರ.

ನಲವತ್ತೊಂದು ಚಳಿಗಾಲದ ಜಾಡಿ ಹೋಯಿತು, ಪ್ರತಿಯಾಗಿ ಚಿಟಿಕೆ ಪುಡಿ ಅತ್ತೆಯ ತುಟಿ ಮುಟ್ಟಿತು. ಕೇಳಿದ ದಿನವೇ ತೆರೆದಿದ್ದರೂ ಹೋಗುತ್ತಿದ್ದದ್ದು ಅದೇ ಜಾಡಿ. ಆದರೆ ಅತ್ತೆಗೆ ಐದು ದಿನದ ಊಟ ಸಿಕ್ಕುತ್ತಿತ್ತು.